10ಕೆ ಥರ್ಮಿಸ್ಟರ್ ಮೇ ತಿಂಗಳಲ್ಲಿ 5ಕೆ ತೋರಿಸುವುದೇಕೆ? ಬಿಸಿ, ಬೆಳಕು ಮತ್ತು ರೋಧ ಅಳೆಯುವ ಕ್ರಮ

"ಅಂಗಡಿಯವರು 10ಕೆ ಅಂತ ಕೊಟ್ಟ ಥರ್ಮಿಸ್ಟರ್‌ಗೆ ಮನೆಯಲ್ಲಿ ಮೀಟರ್ ಹಚ್ಚಿದರೆ 5.4 ತೋರಿಸ್ತಿದೆ. ಮೋಸ ಹೋದ್ನಾ?" ಬೇಸಿಗೆ ಬಂತೆಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಅದರ ಹಿಂದೆಯೇ ಇನ್ನೊಂದು: "ಎಲ್‌ಡಿಆರ್ ಒಂದೊಂದು ಸಲ ಒಂದೊಂದು ನಂಬರ್ ತೋರಿಸುತ್ತೆ, ಕೆಟ್ಟಿದೆಯಾ?" ಕೇಳುವವರಲ್ಲಿ ಡಿಪ್ಲೊಮಾ ಓದುವವರು, ಹೈಸ್ಕೂಲ್ ವಿಜ್ಞಾನ ಮೇಷ್ಟ್ರು, ಎಸಿ ರಿಪೇರಿ ಕಲಿಯುತ್ತಿರುವವರು, ಪಂಪ್‌ಸೆಟ್ ರಿವೈಂಡಿಂಗ್ ಮಾಡುವವರು ಎಲ್ಲರೂ ಇದ್ದಾರೆ.

ಮೋಸ ಆಗಿಲ್ಲ, ಏನೂ ಕೆಟ್ಟೂ ಇಲ್ಲ. ಥರ್ಮಿಸ್ಟರ್ ಬಿಸಿಗೆ, ಎಲ್‌ಡಿಆರ್ ಬೆಳಕಿಗೆ ತಮ್ಮ ರೋಧ, ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ, ಬದಲಿಸಿಕೊಳ್ಳುವ ಬಿಡಿಭಾಗಗಳು. 10ಕೆ, ಅಂದರೆ ಹತ್ತು ಸಾವಿರ ಓಮ್, ಅನ್ನುವ ಲೆಕ್ಕ 25 ಡಿಗ್ರಿ ಸೆಲ್ಸಿಯಸ್‌ನದ್ದು. ಮೇ ತಿಂಗಳ ಮಧ್ಯಾಹ್ನ ರಾಯಚೂರಿನ ಯಾವ ಮನೆಯಲ್ಲಿ 25 ಡಿಗ್ರಿ ಇರುತ್ತದೆ ಹೇಳಿ? ಕೋಣೆಯಲ್ಲಿ 40 ಇದ್ದರೆ ಆ ಬಿಡಿಭಾಗ 5.3ರ ಹತ್ತಿರ ತೋರಿಸಲೇಬೇಕು. ಆಗಲೂ 10 ತೋರಿಸಿದರೆ ಅಂಗಡಿಗೆ ವಾಪಸ್ ಒಯ್ಯಿರಿ.

ಆದ್ದರಿಂದ ಈ ಲೇಖನದ ಉದ್ದಕ್ಕೂ ನಾನು ಹೇಳುವುದು ಒಂದೇ ಮಾತು. ಓಮ್ ಎಷ್ಟು ಅಂತ ಬರೆದುಕೊಂಡರೆ ಅದರ ಪಕ್ಕದಲ್ಲೇ ಆಗ ಬಿಸಿ ಎಷ್ಟಿತ್ತು, ಬೆಳಕು ಎಷ್ಟಿತ್ತು ಅಂತಲೂ ಬರೆದುಕೊಳ್ಳಿ. ಇಲ್ಲದಿದ್ದರೆ ಆ ನಂಬರಿನಿಂದ ಉಪಯೋಗವಿಲ್ಲ.

ಏನೇನು ಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್. ಹಳದಿ ಬಣ್ಣದ ಅಗ್ಗದ್ದಾದರೂ ಸಾಕು. ಒಂದು 10ಕೆ ಎನ್‌ಟಿಸಿ ಥರ್ಮಿಸ್ಟರ್, ಬೀಟಾ 3950 ಅಂತ ಕೇಳಿ (ಬೀಟಾ ಏನು ಅಂತ ಮುಂದೆ ಹೇಳುತ್ತೇನೆ). 5 ಮಿಲಿಮೀಟರ್ ಅಗಲದ ಒಂದು ಎಲ್‌ಡಿಆರ್, ಜಿಎಲ್5528 ಅನ್ನುವುದು ಸುಲಭವಾಗಿ ಸಿಗುತ್ತದೆ. ಶೇಕಡಾ 1ರ ಮೆಟಲ್ ಫಿಲ್ಮ್ 10ಕೆ ರೆಸಿಸ್ಟರ್ ಎರಡು. ಒಂದು ಥರ್ಮಾಮೀಟರ್. ಐಸ್, ಕಪ್ಪು ಇನ್ಸುಲೇಶನ್ ಟೇಪ್, ಮೊಸಳೆ ಕ್ಲಿಪ್ ಇರುವ ಎರಡು ವೈರ್. ಟಿವಿ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಬಹುತೇಕ ಎಲ್ಲವೂ ಸಿಗುತ್ತವೆ.

ಥರ್ಮಾಮೀಟರ್ ಬಗ್ಗೆ ಒಂದು ಎಚ್ಚರಿಕೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ. ಅದು 35ರಿಂದ 42 ಡಿಗ್ರಿಯವರೆಗೆ ಮಾತ್ರ ಓದುತ್ತದೆ, ಗಾಜಿನದನ್ನು ಬಿಸಿನೀರಿಗೆ ಹಾಕಿದರೆ ಒಡೆದು ಪಾದರಸ ಚೆಲ್ಲುತ್ತದೆ. ಶಾಲೆಯ ಲ್ಯಾಬಿನದ್ದೋ, ಉದ್ದ ಕಡ್ಡಿಯ ಅಡುಗೆಮನೆ ಡಿಜಿಟಲ್ ಥರ್ಮಾಮೀಟರೋ ತೆಗೆದುಕೊಳ್ಳಿ.

ನಾಲ್ಕು ಪದ ಗೊತ್ತಿದ್ದರೆ ಸಾಕು

ರೋಧ ಅಂದರೆ ರೆಸಿಸ್ಟೆನ್ಸ್, ಕರೆಂಟ್ ಹರಿಯಲು ಇರುವ ಅಡ್ಡಿ. ಅಳತೆ ಓಮ್‌ನಲ್ಲಿ. 1ಕೆ ಅಂದರೆ ಸಾವಿರ ಓಮ್, 1 ಮೆಗಾಓಮ್ ಅಂದರೆ ಹತ್ತು ಲಕ್ಷ ಓಮ್. ಎನ್‌ಟಿಸಿ ಥರ್ಮಿಸ್ಟರ್ ಅಂದರೆ ಬಿಸಿಯಾದಂತೆ ರೋಧ ಇಳಿಯುವ ಬಿಡಿಭಾಗ, ಪಿಟಿಸಿ ಅಂದರೆ ಬಿಸಿಯಾದಂತೆ ಏರುವುದು. ಎಲ್‌ಡಿಆರ್ ಬೆಳಕಿಗೆ ರೋಧ ಇಳಿಸಿಕೊಳ್ಳುವ ಬಿಡಿಭಾಗ, ಅದರ ಮುಖದ ಮೇಲೆ ಕಾಣುವ ಹಾವಿನಂಥ ಗೆರೆಯಲ್ಲಿ ಇರುವುದು ಕ್ಯಾಡ್ಮಿಯಂ ಸಲ್ಫೈಡ್. ಲಕ್ಸ್ ಅನ್ನುವುದು ಬೆಳಕಿನ ಅಳತೆ. ಮನೆಯ ಕೋಣೆಯಲ್ಲಿ ರಾತ್ರಿ ಲೈಟ್ ಹಾಕಿದಾಗ ನೂರಿನ್ನೂರು ಲಕ್ಸ್ ಇರಬಹುದು. ನಮ್ಮ ಕಡೆಯ ನಡುಮಧ್ಯಾಹ್ನದ ನೇರ ಬಿಸಿಲಿನಲ್ಲಿ ಅದು ಒಂದು ಲಕ್ಷದ ಹತ್ತಿರ ಹೋಗುತ್ತದೆ.

ಕಾರಣ ಏನು

ತಾಮ್ರ, ಟಂಗ್‌ಸ್ಟನ್‌ನಂಥ ಲೋಹಗಳಲ್ಲಿ ಓಡಾಡುವ ಎಲೆಕ್ಟ್ರಾನ್‌ಗಳಿಗೆ ಬರ ಇಲ್ಲ. ಬಿಸಿ ಏರಿದಂತೆ ಪರಮಾಣುಗಳ ನಡುಕ ಜಾಸ್ತಿಯಾಗುತ್ತದೆ, ಎಲೆಕ್ಟ್ರಾನ್‌ಗಳು ಹೆಜ್ಜೆಹೆಜ್ಜೆಗೆ ಡಿಕ್ಕಿ ಹೊಡೆಯುತ್ತವೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಜನ ನಿಂತಲ್ಲಿ ನಿಲ್ಲದೆ ತಳ್ಳಾಡುವಾಗ ನೀವು ದಾರಿ ಮಾಡಿಕೊಂಡು ಹೋಗುವ ಹಾಗೆ. ಆದ್ದರಿಂದ ಲೋಹದ ರೋಧ ಏರುತ್ತದೆ.

ಥರ್ಮಿಸ್ಟರ್, ಎಲ್‌ಡಿಆರ್ ಇವು ಅರೆವಾಹಕಗಳು, ಅಂದರೆ ಸೆಮಿಕಂಡಕ್ಟರ್ ಜಾತಿ. ಇವುಗಳಲ್ಲಿ ಓಡಾಡುವ ಎಲೆಕ್ಟ್ರಾನ್‌ಗಳೇ ಕಡಿಮೆ, ಹೆಚ್ಚಿನವು ಕಟ್ಟಿಹಾಕಿಕೊಂಡಿರುತ್ತವೆ. ಬಿಸಿ ಅಥವಾ ಬೆಳಕು ಶಕ್ತಿ ಕೊಟ್ಟು ಅವನ್ನು ಬಿಡಿಸುತ್ತದೆ. ಬಿಡುಗಡೆಯಾದವು ಜಾಸ್ತಿಯಾದಷ್ಟೂ ರೋಧ ಇಳಿಯುತ್ತದೆ. ಇಲ್ಲೂ ಪರಮಾಣುಗಳು ನಡುಗುತ್ತವೆ, ಆದರೆ ಆ ಪರಿಣಾಮವನ್ನು ಈ ಬಿಡುಗಡೆ ಮುಳುಗಿಸಿಬಿಡುತ್ತದೆ.

ಇದು ಹೊಸ ಸಂಗತಿಯೇನಲ್ಲ. ಬೆಳ್ಳಿಯ ಸಲ್ಫೈಡ್ ಬಿಸಿಯಾದರೆ ಕರೆಂಟನ್ನು ಚೆನ್ನಾಗಿ ಬಿಡುತ್ತದೆ ಅಂತ ಮೈಕೇಲ್ ಫ್ಯಾರಡೆ 1833ರಲ್ಲೇ ಗಮನಿಸಿದ್ದರು. ಬೆಳಕಿನ ಪರಿಣಾಮ ಕಂಡದ್ದು 1873ರಲ್ಲಿ. ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ ಪರೀಕ್ಷೆಗೆ ವಿಲೋಬಿ ಸ್ಮಿತ್ ಸೆಲೆನಿಯಂ ಕಡ್ಡಿಗಳನ್ನು ರೆಸಿಸ್ಟರ್ ಆಗಿ ಬಳಸುತ್ತಿದ್ದರು. ಅವುಗಳ ಅಳತೆ ಒಂದೇ ಕಡೆ ನಿಲ್ಲುತ್ತಿರಲಿಲ್ಲ, ಮುಚ್ಚಳ ತೆಗೆದಾಗ ಒಂದು, ಮುಚ್ಚಿದಾಗ ಇನ್ನೊಂದು. ನಿಮ್ಮ ಎಲ್‌ಡಿಆರ್ ದೂರಿನ ಹಾಗೇ ಇದೆ, ಅಲ್ವಾ?

ಇನ್ನು ಕೆಲಸಕ್ಕೆ ಇಳಿಯೋಣ.

1. ಮೊದಲು ಮೀಟರ್ ಪರೀಕ್ಷೆ

ಮೀಟರನ್ನು 200 ಓಮ್ ರೇಂಜಿಗೆ ಇಟ್ಟು ಎರಡೂ ಪ್ರೋಬ್‌ಗಳ ತುದಿ ಮುಟ್ಟಿಸಿ. ಸೊನ್ನೆ ಬರಬೇಕಿತ್ತು, ಆದರೆ 0.3, 0.5 ಹೀಗೆ ಏನೋ ಬರುತ್ತದೆ. ಅದು ವೈರಿನ ರೋಧ. ಬರೆದಿಟ್ಟುಕೊಳ್ಳಿ, ಸಣ್ಣ ಅಳತೆಗಳಲ್ಲಿ ಕಳೆಯಬೇಕಾಗುತ್ತದೆ. ಆಮೇಲೆ 20ಕೆ ರೇಂಜಿನಲ್ಲಿ ಶೇಕಡಾ 1ರ ರೆಸಿಸ್ಟರ್ ಅಳೆಯಿರಿ. 9.90ರಿಂದ 10.10ರ ಒಳಗೆ ಬಂದರೆ ಮೀಟರ್ ಸರಿಯಿದೆ. ತೀರಾ ಆಚೀಚೆ ಬಂದರೆ ಮೊದಲು 9 ವೋಲ್ಟ್ ಬ್ಯಾಟರಿ ಬದಲಿಸಿ. ಬ್ಯಾಟರಿ ಸೋತ ಮೀಟರ್ ಸುಮ್ನೆ ಸುಳ್ಳು ಹೇಳುತ್ತಾ ಹೋಗುತ್ತದೆ.

ಪರದೆಯ ಎಡತುದಿಯಲ್ಲಿ ಬರೀ 1 ಕಂಡರೆ ಒಂದು ಓಮ್ ಅಂತ ತಿಳಿಯಬೇಡಿ. ಈ ರೇಂಜಿಗೆ ಸಾಲದು, ಮೇಲಿನದಕ್ಕೆ ಹೋಗು ಅಂತ ಅರ್ಥ.

ಸರ್ಕ್ಯೂಟಿನಲ್ಲಿ ಕರೆಂಟ್ ಇರುವಾಗ ರೋಧ ಅಳೆಯುವ ಮಾತೇ ಇಲ್ಲ. ಮೀಟರ್ ಹೋಗುತ್ತದೆ, ಕೆಲವೊಮ್ಮೆ ಅದರ ಜೊತೆ ಕೈಯೂ.

2. ಸಾಮಾನ್ಯ ರೆಸಿಸ್ಟರ್ ಬಿಸಿ ಮಾಡಿ ನೋಡಿ

ಇದು ಬೇಗ ಮುಗಿಯುವ ಕೆಲಸ, ಆದರೆ ಬಿಡಬೇಡಿ. ಅದೇ ಮೆಟಲ್ ಫಿಲ್ಮ್ ರೆಸಿಸ್ಟರನ್ನು ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಬಿಸಿಲಲ್ಲಿಟ್ಟು ಒಮ್ಮೆ ಅಳೆಯಿರಿ. ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 100 ಪಾಲು ಬದಲಾಗುವ ರೆಸಿಸ್ಟರ್ ಅಂದುಕೊಂಡರೂ 20 ಡಿಗ್ರಿ ಏರಿಕೆಗೆ 10ಕೆಯಲ್ಲಿ ಆಗುವ ವ್ಯತ್ಯಾಸ ಬರೀ 20 ಓಮ್. ನಿಮ್ಮ ಮೀಟರಿನ ಕೊನೆಯ ಅಂಕೆ ಒಂದೆರಡು ಹೆಜ್ಜೆ ಅಲ್ಲಾಡಬಹುದು, ಅಷ್ಟೇ. ಬೆಳಕಿಗಂತೂ ಅದು ಕ್ಯಾರೇ ಅನ್ನುವುದಿಲ್ಲ. ಮುಂದಿನ ಪರೀಕ್ಷೆಗಳಲ್ಲಿ ಸಂಶಯ ಬಂದಾಗ ಮೀಟರ್ ಸರಿಯಿದೆಯೇ ಅಂತ ನೋಡಲು ಇದೇ ನಿಮ್ಮ ಸಾಕ್ಷಿ.

3. ಥರ್ಮಿಸ್ಟರ್: ಮೂರು ಪಾತ್ರೆಗಳ ಪರೀಕ್ಷೆ

ಥರ್ಮಿಸ್ಟರಿನ ಕಾಲುಗಳಿಗೆ ಉದ್ದ ವೈರ್ ಬೆಸುಗೆ ಹಾಕಿ. ಬೆಸುಗೆ ಹಾಕಿದ ಕೂಡಲೇ ಅಳೆಯಲು ಹೋಗಬೇಡಿ, ಐದು ನಿಮಿಷ ಆರಲಿ. ಕಾಲುಗಳು ಪೂರ್ತಿ ಮುಚ್ಚುವಂತೆ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿ, ಅಂದರೆ ಬಿಸಿ ತಾಗಿದರೆ ಮುದುಡಿ ವೈರನ್ನು ಹಿಡಿದುಕೊಳ್ಳುವ ಪ್ಲಾಸ್ಟಿಕ್ ಕೊಳವೆ. ಅದು ಸಿಗದಿದ್ದರೆ ಇಡೀ ಥರ್ಮಿಸ್ಟರನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ.

ಈ ಮುಚ್ಚುವ ಕೆಲಸದಲ್ಲಿ ಸೋಮಾರಿತನ ಮಾಡಬೇಡಿ. ನಮ್ಮ ಕಡೆಯ ಬೋರ್ ನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಅದರಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಬತ್ತಲೆ ಕಾಲುಗಳನ್ನು ಅದ್ದಿದರೆ ಥರ್ಮಿಸ್ಟರ್ ಪಕ್ಕದಲ್ಲಿ ನೀರಿನದ್ದೇ ಇನ್ನೊಂದು ದಾರಿ ಆಗುತ್ತದೆ. ಮೀಟರ್ ಎರಡನ್ನೂ ಸೇರಿಸಿ ಅಳೆಯುತ್ತದೆ, ರೋಧ ಕಡಿಮೆ ಕಾಣುತ್ತದೆ, ನೀವು ಥರ್ಮಿಸ್ಟರನ್ನು ಬೈಯುತ್ತೀರಿ.

ಮೊದಲನೇ ಪಾತ್ರೆ ಐಸಿನದು. ಐಸನ್ನು ಕುಟ್ಟಿ ಪುಡಿ ಮಾಡಿ, ಸಂದು ತುಂಬುವಷ್ಟು ಮಾತ್ರ ನೀರು ಹಾಕಿ. ತುಂಬಾ ನೀರಿನಲ್ಲಿ ನಾಲ್ಕು ಐಸ್ ತುಂಡು ತೇಲಿಬಿಟ್ಟರೆ ತಳದಲ್ಲಿ ನಾಲ್ಕೈದು ಡಿಗ್ರಿ ಇರುತ್ತದೆ, ಸೊನ್ನೆ ಆಗುವುದಿಲ್ಲ. ಕಲಕುತ್ತಾ ಎರಡು ನಿಮಿಷ ಬಿಡಿ. ಈಗ ಮೀಟರ್ 200ಕೆ ರೇಂಜಿನಲ್ಲಿರಲಿ.

ಎರಡನೇ ಪಾತ್ರೆಗೆ ಮಣ್ಣಿನ ಗಡಿಗೆಯ ನೀರು. ಹೊರಗೆ 40 ಇದ್ದರೂ ಗಡಿಗೆ ನೀರು ಆರಾಮಾಗಿ ಹತ್ತು ಡಿಗ್ರಿ ಕೆಳಗೆ ಇರುತ್ತದೆ, 25ರಿಂದ 30ರ ನಡುವಿನ ಅಳತೆಗೆ ಇದಕ್ಕಿಂತ ಸುಲಭದ ಉಪಾಯ ಇಲ್ಲ. ಎಷ್ಟಿದೆ ಅಂತ ಮಾತ್ರ ಥರ್ಮಾಮೀಟರಿನಲ್ಲೇ ನೋಡಿ.

ಮೂರನೇದು ಬಿಸಿನೀರು. 60 ಡಿಗ್ರಿಗೆ ಕಾಯಿಸಿ ಒಲೆಯಿಂದ ಇಳಿಸಿ, ಆರುತ್ತಾ ಬರುವಾಗ ಐದೈದು ಡಿಗ್ರಿಗೆ ಒಮ್ಮೆ ಬರೆದುಕೊಳ್ಳಿ. ಕಾಯುವಾಗ ಅಳೆಯುವುದಕ್ಕಿಂತ ಆರುವಾಗ ಅಳೆಯುವುದು ಒಳ್ಳೆಯದು, ಇಡೀ ಪಾತ್ರೆ ಒಂದೇ ಸಮ ಇರುತ್ತದೆ. ಥರ್ಮಾಮೀಟರ್ ಮತ್ತು ಥರ್ಮಿಸ್ಟರ್ ಎರಡರ ತುದಿಗಳನ್ನೂ ಒಟ್ಟಿಗೆ ಕಟ್ಟಿ, ಪಾತ್ರೆಯ ಗೋಡೆಗೆ ತಾಗದಂತೆ ಹಿಡಿಯಿರಿ.

10ಕೆ, ಬೀಟಾ 3950 ಥರ್ಮಿಸ್ಟರಿಗೆ ಲೆಕ್ಕದ ಪ್ರಕಾರ ಬರಬೇಕಾದ ಅಂಕೆಗಳು ಹೀಗಿವೆ:

0 ಡಿಗ್ರಿಗೆ 33ಕೆ ಆಸುಪಾಸು
20 ಡಿಗ್ರಿಗೆ 12.5ಕೆ
25 ಡಿಗ್ರಿಗೆ 10ಕೆ
30 ಡಿಗ್ರಿಗೆ 8ಕೆ
35 ಡಿಗ್ರಿಗೆ 6.5ಕೆ
40 ಡಿಗ್ರಿಗೆ 5.3ಕೆ
45 ಡಿಗ್ರಿಗೆ 4.3ಕೆ
60 ಡಿಗ್ರಿಗೆ 2.5ಕೆ

ಇಳಿಕೆ ಒಂದೇ ಅಳತೆಯಲ್ಲಿ ಇಲ್ಲ ನೋಡಿ. 20ರಿಂದ 25ಕ್ಕೆ ಹೋದಾಗ ಎರಡೂವರೆ ಸಾವಿರ ಓಮ್ ಇಳಿದರೆ, 40ರಿಂದ 45ಕ್ಕೆ ಬರೀ ಸಾವಿರ. ಹಾಗಾಗಿ ಎರಡು ಅಳತೆ ಮಾಡಿ ನಡುವೆ ಸ್ಕೇಲಿಟ್ಟು ಗೆರೆ ಎಳೆದರೆ ತಪ್ಪಾಗುತ್ತದೆ. ಮೇಷ್ಟ್ರುಗಳಿಗೆ ಒಂದು ಮಾತು: ಮಕ್ಕಳಿಗೆ ಗ್ರಾಫ್ ಕಾಗದದಲ್ಲಿ ಈ ಬಾಗಿದ ಗೆರೆಯನ್ನು ಅವರ ಕೈಯಿಂದಲೇ ಎಳೆಸಿ, ಸೂತ್ರ ಆಮೇಲೆ ಹೇಳಿದರಾಯಿತು.

ಕುದಿಯುವ ನೀರಿನಲ್ಲೂ ನೋಡುವ ಆಸೆ ಇದ್ದರೆ 100 ಅಂತ ಬರೆದುಕೊಳ್ಳಬೇಡಿ. ನೀರು 100ಕ್ಕೆ ಕುದಿಯುವುದು ಸಮುದ್ರಮಟ್ಟದಲ್ಲಿ. ರಾಯಚೂರು, ಬಳ್ಳಾರಿ ಊರುಗಳು ಸುಮಾರು 400ರಿಂದ 500 ಮೀಟರ್ ಎತ್ತರದಲ್ಲಿವೆ, ಇಲ್ಲಿ 98.5ರ ಹತ್ತಿರವೇ ಕುದಿಯುತ್ತದೆ. ಥರ್ಮಿಸ್ಟರ್ ಆಗ 700 ಓಮ್‌ಗಿಂತ ಒಂದಿಷ್ಟು ಮೇಲೆ ತೋರಿಸುತ್ತದೆ.

ಈ ಹಂತದಲ್ಲಿ ಜನ ಎಡವುವ ಜಾಗಗಳು ಮೂರು.

ಒಂದು, ಕೈಯಲ್ಲಿ ಹಿಡಿದು ಅಳೆಯುವುದು. ಬೆರಳಿನ ಬಿಸಿ ತಾಗಿ ರೋಧ ಬದಲಾಗುತ್ತಲೇ ಇರುತ್ತದೆ. ಜೀವಂತ ಇದೆಯಾ ಅಂತ ನೋಡಲು ಇದು ಒಳ್ಳೆಯ ಉಪಾಯ, ಅಳತೆಗೆ ಬೇಡ. ಕ್ಲಿಪ್ ಬಳಸಿ.

ಎರಡು, ಬೀಟಾ. ಬಿಸಿಗೆ ರೋಧ ಎಷ್ಟು ಜೋರಾಗಿ ಬದಲಾಗುತ್ತದೆ ಅನ್ನುವುದನ್ನು ಹೇಳುವ ಸಂಖ್ಯೆ ಇದು. ಮಾರುಕಟ್ಟೆಯಲ್ಲಿ 3950ರದ್ದೂ ಇದೆ, 3435ರದ್ದೂ ಇದೆ, ಎರಡೂ 10ಕೆ. ನೋಡಲು ವ್ಯತ್ಯಾಸ ಗೊತ್ತಾಗುವುದಿಲ್ಲ. ಒಳಗಿರುವುದು 3950, ಲೆಕ್ಕಕ್ಕೆ 3435 ಹಾಕಿದರೆ 40 ಡಿಗ್ರಿ ಇದ್ದಾಗ 42ಕ್ಕೂ ಮೇಲೆ ತೋರಿಸುತ್ತದೆ. 25 ಡಿಗ್ರಿಯಲ್ಲಿ ಮಾತ್ರ ಎರಡೂ ಒಂದೇ ಆಗುವುದರಿಂದ, ತಂಪು ಕೋಣೆಯಲ್ಲಿ ಪರೀಕ್ಷೆ ಮಾಡಿದವರಿಗೆ ಈ ತಪ್ಪು ಕಾಣುವುದೇ ಇಲ್ಲ.

ಮೂರು, ಎಸಿ ಸೆನ್ಸರ್. ಎಲ್ಲಾ ಎಸಿಗಳಲ್ಲೂ 10ಕೆ ಇರುವುದಿಲ್ಲ, 5ಕೆ ಇರುವವೂ ಬೇಕಾದಷ್ಟಿವೆ. 5ಕೆ ಇದ್ದ ಜಾಗಕ್ಕೆ 10ಕೆ ಹಾಕಿದರೆ ಏನಾಗುತ್ತದೆ? ಕೋಣೆ 25 ಡಿಗ್ರಿ ಇದ್ದಾಗ ಬೋರ್ಡಿಗೆ 10 ಡಿಗ್ರಿ ಇದ್ದ ಹಾಗೆ ಕಾಣುತ್ತದೆ. ಇಷ್ಟು ತಣ್ಣಗಿದೆಯಲ್ಲ ಅಂತ ಅದು ಕಂಪ್ರೆಸರನ್ನೇ ಶುರು ಮಾಡುವುದಿಲ್ಲ. ಗ್ಯಾಸ್ ಹೋಗಿದೆ ಅಂತ ಗ್ಯಾಸ್ ತುಂಬಿಸಿಕೊಂಡು ದುಡ್ಡು ಕಳೆದುಕೊಳ್ಳುವ ಮೊದಲು ಸೆನ್ಸರ್ ಬಿಚ್ಚಿ, ಕೋಣೆಯ ಬಿಸಿ ನೋಡಿ, ಅಳೆಯಿರಿ.

4. ಎಲ್‌ಡಿಆರ್: ಕತ್ತಲೆಯಿಂದ ಶುರು ಮಾಡಿ

ಎಲ್‌ಡಿಆರ್‌ಗೆ ಕಪ್ಪು ಪೆನ್ನಿನ ಮುಚ್ಚಳ ಹಾಕಿ, ಸುತ್ತ ಟೇಪ್ ಸುತ್ತಿ. ಹಿಂಬದಿಯನ್ನೂ ಬಿಡಬೇಡಿ, ಬೆಳಕು ಅಲ್ಲಿಂದಲೂ ನುಸುಳುತ್ತದೆ. ಬೆರಳಿನಿಂದ ಮುಚ್ಚಿದರೆ ಕತ್ತಲೆ ಆಗುವುದಿಲ್ಲ. ಮೊಬೈಲ್ ಟಾರ್ಚ್ ಮೇಲೆ ಬೆರಳಿಟ್ಟು ನೋಡಿ, ಬೆರಳು ಕೆಂಪಗೆ ಹೊಳೆಯುತ್ತದಲ್ಲ, ಆ ಬೆಳಕೆಲ್ಲ ಒಳಗೆ ಹೋಗುತ್ತದೆ.

ಮೀಟರನ್ನು 2000ಕೆ ರೇಂಜಿಗೆ ಇಡಿ. ಮುಚ್ಚಿದ ತಕ್ಷಣ ಓದಬೇಡಿ. ಕ್ಯಾಡ್ಮಿಯಂ ಸಲ್ಫೈಡ್ ಬೆಳಕಿಗೆ ಬೇಗ ಎಚ್ಚರವಾಗುತ್ತದೆ, ಕತ್ತಲೆಗೆ ನಿಧಾನವಾಗಿ ಒಗ್ಗುತ್ತದೆ. ತಯಾರಕರು ಕೂಡ ಬೆಳಕು ಆರಿಸಿ 10 ಸೆಕೆಂಡ್ ಬಿಟ್ಟೇ ಕತ್ತಲೆಯ ರೋಧ ಅಳೆಯುತ್ತಾರೆ. ಜಿಎಲ್5528ಕ್ಕೆ ಆಗ ಕನಿಷ್ಠ 1 ಮೆಗಾಓಮ್ ಇರಬೇಕು. ಬರೀ 1 ತೋರಿಸಿದರೆ 2 ಮೆಗಾಓಮ್ ದಾಟಿದೆ ಅಂತ, ಅದು ಒಳ್ಳೆಯ ಲಕ್ಷಣ. ಇದನ್ನೇ "ಓಪನ್ ಆಗಿದೆ" ಅಂತ ಬಿಸಾಡುವವರಿದ್ದಾರೆ.

ಇಲ್ಲಿ ಎರಡೂ ಕೈಬೆರಳುಗಳಿಂದ ಪ್ರೋಬ್ ಒತ್ತಿ ಹಿಡಿದರೆ ಅಳತೆ ಕೆಟ್ಟಿತು. ಬೆವತ ಕೈಯ ರೋಧ ಕೆಲವು ಲಕ್ಷ ಓಮ್‌ಗೂ ಇಳಿಯುತ್ತದೆ. ಮೀಟರ್ ಅಳೆಯುವುದು ಎಲ್‌ಡಿಆರ್ ಬಿಟ್ಟು ನಿಮ್ಮನ್ನೇ.

ಇನ್ನು ಬೆಳಕು. ರಾತ್ರಿ ಲೈಟ್ ಆರಿಸಿ, ಅಥವಾ ಕರೆಂಟ್ ಹೋದಾಗ ಕೂತುಕೊಳ್ಳಿ, ಅದಕ್ಕೇನೂ ನಮ್ಮಲ್ಲಿ ಬರ ಇಲ್ಲ. ಮೇಜಿನ ಮೇಲೆ ಎಲ್‌ಡಿಆರ್ ಇಟ್ಟು ನೇರ ಮೇಲಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. 20 ಸೆಂಟಿಮೀಟರಿನಲ್ಲಿ ಒಂದು ಓದು, 40ರಲ್ಲಿ ಇನ್ನೊಂದು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಾಗುತ್ತದೆ. ಆದರೆ ರೋಧ ನಾಲ್ಕು ಪಟ್ಟಾಗುವುದಿಲ್ಲ, ಎರಡೂವರೆ ಪಟ್ಟಿನ ಹತ್ತಿರ ನಿಲ್ಲುತ್ತದೆ. ಈ ಬಿಡಿಭಾಗದ ಸ್ವಭಾವವೇ ಹಾಗೆ: ಬೆಳಕು ಹತ್ತು ಪಟ್ಟಾದರೆ ರೋಧ ನಾಲ್ಕನೇ ಅಥವಾ ಐದನೇ ಒಂದಕ್ಕೆ ಇಳಿಯುತ್ತದೆ.

10 ಲಕ್ಸ್‌ನಂಥ ಮಂದ ಬೆಳಕಿನಲ್ಲಿ ಜಿಎಲ್5528 ತೋರಿಸಬೇಕಾದದ್ದು 10ಕೆಯಿಂದ 20ಕೆ. ಇಷ್ಟು ಅಗಲದ ಅಂತರ ತಯಾರಕರೇ ಒಪ್ಪಿಕೊಂಡದ್ದು. ಒಂದೇ ಪ್ಯಾಕೆಟಿನ ಎರಡು ಎಲ್‌ಡಿಆರ್ ಒಂದೇ ಜಾಗದಲ್ಲಿ 11 ಮತ್ತು 18 ತೋರಿಸಿದರೆ ಎರಡೂ ಸರಿಯೇ. ಅದಕ್ಕೇ ಎಲ್‌ಡಿಆರ್ ಹಾಕಿ ಲಕ್ಸ್ ಮೀಟರ್ ಮಾಡಲು ಹೊರಡುವವರಿಗೆ ನಾನು ಬೇಡ ಅನ್ನುತ್ತೇನೆ. ಬೆಳಗಾಯಿತಾ, ಕತ್ತಲಾಯಿತಾ ಅಂತ ಹೇಳಲು ಅದು ಸಾಕು, ಎಷ್ಟು ಅಂತ ಹೇಳಲು ಸಾಲದು.

ಟಿವಿ ರಿಮೋಟ್ ಹಿಡಿದು ಬಟನ್ ಒತ್ತಿದರೆ ಎಲ್‌ಡಿಆರ್ ಅಲ್ಲಾಡುವುದಿಲ್ಲ. ಅದರ ಕಣ್ಣು ಹಸಿರು ಬೆಳಕಿಗೆ ಚುರುಕು, 540 ನ್ಯಾನೋಮೀಟರ್ ಹತ್ತಿರ. ರಿಮೋಟಿನ ಅವಕೆಂಪು ಬೆಳಕು ಅದಕ್ಕೆ ಕಾಣದು. ನಮ್ಮ ಕಣ್ಣಿನ ಹಾಗೇ.

ನೇರ ಬಿಸಿಲಿನ ಓದು ಬೇಕಾದರೆ ಬೇಗ ತೆಗೆದುಕೊಂಡು ನೆರಳಿಗೆ ತನ್ನಿ. ರೋಧ 100 ಓಮ್ ಸುತ್ತಮುತ್ತ, ಕೆಲವೊಮ್ಮೆ ಅದಕ್ಕೂ ಕೆಳಗೆ ಹೋಗುತ್ತದೆ. ಬಿಸಿಲಲ್ಲೇ ಬಿಟ್ಟರೆ ಬೆಳಕಿನ ಜೊತೆ ಬಿಸಿಯೂ ಸೇರಿಕೊಳ್ಳುತ್ತದೆ, ಯಾವುದರಿಂದ ಎಷ್ಟು ಬದಲಾಯಿತು ಅಂತ ಹೇಳಲಾಗದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಬೆಳಕಿಗೆ ಒಳಗಾಗುವುದು ಎಲ್‌ಡಿಆರ್ ಮಾತ್ರ ಅಂದುಕೊಳ್ಳಬೇಡಿ. 2015ರಲ್ಲಿ ರಾಸ್ಪ್‌ಬೆರಿ ಪೈ 2 ಅನ್ನುವ ಪುಟ್ಟ ಕಂಪ್ಯೂಟರ್ ಬಂದಾಗ, ಹತ್ತಿರದಿಂದ ಕ್ಸೆನಾನ್ ಫ್ಲ್ಯಾಶ್ ಹಾಕಿ ಫೋಟೋ ತೆಗೆದರೆ ಅದು ಆಫ್ ಆಗುತ್ತಿತ್ತು. ವಿದ್ಯುತ್ ಪೂರೈಕೆಯ ಒಂದು ಚಿಪ್ಪಿಗೆ ಪ್ಯಾಕೇಜಿನ ಹೊದಿಕೆ ಇರಲಿಲ್ಲ, ಬೆಳಕು ನೇರ ಸಿಲಿಕಾನಿಗೆ ಬೀಳುತ್ತಿತ್ತು. ಗಾಜಿನ ಮೈಯ ಡಯೋಡ್‌ಗಳೂ ಸೂಕ್ಷ್ಮ ಸರ್ಕ್ಯೂಟಿನಲ್ಲಿ ಸ್ವಲ್ಪ ಮಟ್ಟಿಗೆ ಹೀಗೇ ಆಡುತ್ತವೆ.

ಕೆಟ್ಟ ಎಲ್‌ಡಿಆರನ್ನು ಒಡೆಯಬೇಡಿ, ಕಸದ ಜೊತೆ ಸುಡಲೂಬೇಡಿ. ಕ್ಯಾಡ್ಮಿಯಂ ವಿಷ.

5. ಲೋಹ: ಬಲ್ಬು, ಮೋಟರ್ ವೈಂಡಿಂಗ್

ಹಳೆಯ 100 ವಾಟ್ ಫಿಲಮೆಂಟ್ ಬಲ್ಬ್ ಮನೆಯಲ್ಲಿದ್ದರೆ ಹೋಲ್ಡರಿನಿಂದ ತೆಗೆದು, ಪೂರ್ತಿ ಆರಿದ ಮೇಲೆ ಅಳೆಯಿರಿ. 40 ಓಮ್ ಆಸುಪಾಸು ಬರುತ್ತದೆ. ಉರಿಯುವಾಗ ಎಷ್ಟಿರುತ್ತದೆ ಅಂತ ಮೀಟರ್ ಹಚ್ಚಿ ನೋಡುವ ಹಾಗಿಲ್ಲ, ಲೆಕ್ಕ ಮಾಡಿ. 230ನ್ನು 230ರಿಂದ ಗುಣಿಸಿ 100ರಿಂದ ಭಾಗಿಸಿದರೆ 529 ಓಮ್. ಹದಿಮೂರು ಪಟ್ಟು! ಬಲ್ಬುಗಳು ಸ್ವಿಚ್ ಹಾಕಿದ ಕ್ಷಣದಲ್ಲೇ ಫಟ್ ಅಂತ ಹೋಗುವುದು ಇದೇ ಕಾರಣಕ್ಕೆ. ತಣ್ಣಗಿರುವಾಗ ರೋಧ ಕಡಿಮೆ, ಮೊದಲ ಏಟಿಗೆ ಕರೆಂಟ್ ಹಲವು ಪಟ್ಟು ನುಗ್ಗುತ್ತದೆ.

ತಾಮ್ರ ಇಷ್ಟು ಆಡುವುದಿಲ್ಲ, ಒಂದು ಡಿಗ್ರಿಗೆ ಶೇಕಡಾ 0.39. ಆದರೂ ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಪಂಪ್‌ಸೆಟ್ ರಿಪೇರಿ ಮಾಡುವವರು ಇದನ್ನು ಮರೆಯಬಾರದು. ಬೆಳಗ್ಗೆ 25 ಡಿಗ್ರಿಯಲ್ಲಿ 4 ಓಮ್ ಇದ್ದ ವೈಂಡಿಂಗ್, ಮೋಟರ್ ಓಡಿ 85 ಡಿಗ್ರಿಗೆ ಬಿಸಿಯಾದಾಗ 4.9 ಓಮ್ ತೋರಿಸುತ್ತದೆ. ಅದು ದೋಷವಲ್ಲ. ಮೂರು ಫೇಸಿನ ವೈಂಡಿಂಗ್‌ಗಳನ್ನು ಹೋಲಿಸುವುದಿದ್ದರೆ ಮೂರನ್ನೂ ಒಂದೇ ಹೊತ್ತಿನಲ್ಲಿ, ಮೋಟರ್ ಆರಿದ ಮೇಲೆ ಅಳೆಯಿರಿ. ಪ್ರೋಬ್ ವೈರಿನ ಅರ್ಧ ಓಮ್ ಕಳೆಯುವುದು ಇಲ್ಲೇ ಮುಖ್ಯ.

ಲೋಹದ ಈ ಗುಣವನ್ನೇ ಅಳತೆಗೆ ಬಳಸಿದರೆ ಪಿಟಿ100 ಸೆನ್ಸರ್ ಆಗುತ್ತದೆ. ಪ್ಲಾಟಿನಂ ತಂತಿ, 0 ಡಿಗ್ರಿಗೆ 100 ಓಮ್, 100 ಡಿಗ್ರಿಗೆ 138.5. ಶಕ್ತಿನಗರ, ಕುಡತಿನಿಯಂಥ ಥರ್ಮಲ್ ಸ್ಥಾವರಗಳಿಗೆ ಅಪ್ರೆಂಟಿಸ್ ಹೋಗುವವರು ಇದನ್ನು ಕಲಿತಿದ್ದರೆ ಒಳ್ಳೆಯದು. ಒಂದು ಓಮ್ ವೈರ್ ಸೇರಿಕೊಂಡರೆ ಎರಡೂವರೆ ಡಿಗ್ರಿ ಸುಳ್ಳು ಬರುತ್ತದೆ, ಅದಕ್ಕೇ ಆ ಸೆನ್ಸರಿಗೆ ಮೂರನೇ ವೈರ್ ಕೊಡುತ್ತಾರೆ.

6. ರಿಪೇರಿಯಲ್ಲಿ ಸಿಗುವ ಎರಡು

ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಅದಕ್ಕೆ ಕರೆಂಟ್ ಕೊಡುವ ಡಬ್ಬಿ, ಬಿಚ್ಚಿದರೆ ಫ್ಯೂಸ್ ಹತ್ತಿರ ಬಿಲ್ಲೆಯಂಥದ್ದೊಂದು ಕಾಣುತ್ತದೆ, ಮೇಲೆ 5ಡಿ-9 ಅಂತಲೋ ಮತ್ತೇನೋ ಬರೆದಿರುತ್ತದೆ. ಅದೂ ಎನ್‌ಟಿಸಿಯೇ. 5 ಅಂದರೆ 25 ಡಿಗ್ರಿಯಲ್ಲಿ 5 ಓಮ್, 9 ಅಂದರೆ ಬಿಲ್ಲೆಯ ಅಗಲ ಮಿಲಿಮೀಟರಿನಲ್ಲಿ. ಆನ್ ಮಾಡಿದಾಗ ಮೊದಲ ನುಗ್ಗನ್ನು ತಡೆದು, ಬಿಸಿಯಾಗಿ, ಆಮೇಲೆ ದಾರಿ ಬಿಡುತ್ತದೆ. ಕರೆಂಟ್ ಹೋಗಿ ನಾಲ್ಕೇ ಸೆಕೆಂಡಿಗೆ ಬಂದರೆ ಅದಿನ್ನೂ ಬಿಸಿಯೇ ಇರುತ್ತದೆ, ತಡೆಯುವ ಶಕ್ತಿ ಇರುವುದಿಲ್ಲ. ನಮ್ಮೂರಿನ ಹೋಗಿಬರುವ ಕರೆಂಟಿಗೆ ಫ್ಯೂಸ್ ಹಾರುವುದು ಹೀಗೂ ಇದೆ. ಒಂದೆರಡು ನಿಮಿಷ ಬಿಟ್ಟು ಆನ್ ಮಾಡಿ. ಎಸ್‌ಎಂಪಿಎಸ್ ಒಳಗೆ ಕೈ ಹಾಕುವ ಮೊದಲು ದೊಡ್ಡ ಕೆಪಾಸಿಟರ್ ಖಾಲಿ ಆಗಿರಬೇಕು, ಪ್ಲಗ್ ಕಿತ್ತ ಮೇಲೂ ಅದರಲ್ಲಿ 300 ವೋಲ್ಟಿಗೂ ಜಾಸ್ತಿ ಉಳಿದಿರಬಹುದು. ಅನುಭವಿಗಳ ಎದುರಿಗೇ ಮಾಡಿ.

ಪಿಟಿಸಿ ಸಿಗುವುದು ಫ್ರಿಜ್ಜಿನ ಸ್ಟಾರ್ಟರಿನಲ್ಲಿ. ತಣ್ಣಗಿರುವಾಗ ಕೆಲವು ಹತ್ತು ಓಮ್. ಅದನ್ನು ಅಲ್ಲಾಡಿಸಿದಾಗ ಗಲಗಲ ಅಂದರೆ ಒಳಗೆ ಒಡೆದಿದೆ ಅಂತ ಅರ್ಥ.

7. ಬೀದಿದೀಪದ ಸರ್ಕ್ಯೂಟಿಗೆ ಇಳಿಸುವುದು

ರೋಧದ ಬದಲಾವಣೆಯನ್ನು ವೋಲ್ಟೇಜ್ ಬದಲಾವಣೆಯಾಗಿ ಮಾಡಬೇಕು. ಅದಕ್ಕೆ 5 ವೋಲ್ಟಿನ ಅಡ್ಡಕ್ಕೆ ಎಲ್‌ಡಿಆರ್ ಮತ್ತು ಒಂದು ಸಾಮಾನ್ಯ ರೆಸಿಸ್ಟರ್ ಸಾಲಾಗಿ ಹಾಕಿ, ನಡುವಿನ ಬಿಂದುವಿನಿಂದ ವೋಲ್ಟೇಜ್ ತೆಗೆಯುತ್ತಾರೆ. ಇದೇ ವೋಲ್ಟೇಜ್ ಡಿವೈಡರ್.

ಎಷ್ಟು ಓಮಿನ ರೆಸಿಸ್ಟರ್ ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ಸಂಜೆ ನಿಮಗೆ ದೀಪ ಹತ್ತಬೇಕು ಅನ್ನಿಸುವ ಹೊತ್ತಿಗೆ, ದೀಪ ಇರುವ ಜಾಗದಲ್ಲೇ ನಿಂತು ಎಲ್‌ಡಿಆರ್ ಅಳೆಯಿರಿ. 20ಕೆ ಬಂತೇ? 22ಕೆ ಹಾಕಿ. ಎರಡೂ ಸಮ ಇರುವಲ್ಲಿ ಡಿವೈಡರ್ ಹೆಚ್ಚು ಚುರುಕಾಗಿರುತ್ತದೆ. ಥರ್ಮಿಸ್ಟರಿಗೂ ಇದೇ ಲೆಕ್ಕ. ಪುಸ್ತಕಗಳಲ್ಲಿ 10ಕೆ ಹಾಕು ಅಂತ ಇರುತ್ತದೆ. ನಮ್ಮ ಹವೆಯ ನಡುಮಟ್ಟ 30 ಅಂದುಕೊಂಡರೆ 8.2ಕೆ ಇನ್ನೂ ಸರಿ. ಕೈಯಲ್ಲಿ 10ಕೆಯೇ ಇದ್ದರೆ ಅದನ್ನೇ ಹಾಕಿ, ದೊಡ್ಡ ನಷ್ಟವೇನಿಲ್ಲ.

ಡಿವೈಡರಿನಿಂದ ನೇರ ಬಿಸಿ547 (BC547) ಟ್ರಾನ್ಸಿಸ್ಟರ್ ಓಡಿಸುವ ಸರ್ಕ್ಯೂಟ್ ಎಲ್ಲೆಡೆ ಸಿಗುತ್ತದೆ. ಕೆಲಸ ಮಾಡುತ್ತದೆ, ಆದರೆ ಆ ಟ್ರಾನ್ಸಿಸ್ಟರ್ ಆನ್ ಆಗಲು ಬೇಕಾದ 0.6 ವೋಲ್ಟ್ ಕೂಡ ಡಿಗ್ರಿಗೆ 2 ಮಿಲಿವೋಲ್ಟ್ ಇಳಿಯುತ್ತದೆ. ಜನವರಿಯ ಸಂಜೆಗೆ ಹೊಂದಿಸಿದ ದೀಪ ಮೇ ತಿಂಗಳಲ್ಲಿ ಬೇರೆ ಹೊತ್ತಿಗೆ ಹತ್ತುತ್ತದೆ. ಎಲ್‌ಎಂ393 ಕಂಪ್ಯಾರೇಟರ್, ಅಂದರೆ ಎರಡು ವೋಲ್ಟೇಜ್ ಹೋಲಿಸಿ ಹೌದು ಇಲ್ಲ ಹೇಳುವ ಐಸಿ, ಹಾಕಿಕೊಳ್ಳುವುದು ಒಳ್ಳೆಯದು. ಹತ್ತುವ ಮಟ್ಟಕ್ಕೂ ಆರುವ ಮಟ್ಟಕ್ಕೂ ಸ್ವಲ್ಪ ಅಂತರ ಬಿಡಿ. ಇಲ್ಲದಿದ್ದರೆ ಮುಸ್ಸಂಜೆಯಲ್ಲಿ ಒಂದು ಮೋಡ ಸರಿದರೂ ದೀಪದ ಸ್ವಿಚ್ಚಿನಂತೆ ಕೆಲಸ ಮಾಡುವ ರಿಲೇ ಟಕಟಕ ಅನ್ನುತ್ತದೆ. ಎಲ್‌ಡಿಆರ್‌ಗೆ ಆ ದೀಪದ್ದೇ ಬೆಳಕು ಬಿದ್ದರಂತೂ ರಾತ್ರಿಯಿಡೀ ಹತ್ತಿ ಆರಿ ಹತ್ತಿ ಆರಿ.

ಎಲ್‌ಡಿಆರ್ ಮುಖ ಉತ್ತರಕ್ಕೆ ಇರಲಿ ಅನ್ನುವ ಸಲಹೆ ಸರಿಯೇ. ಆದರೆ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳು 15, 16 ಡಿಗ್ರಿ ಅಕ್ಷಾಂಶದಲ್ಲಿವೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಮೇಲೊಂದು ಪುಟ್ಟ ಛಜ್ಜಾ ಬೇಕೇ ಬೇಕು. ಕಪ್ಪು ಡಬ್ಬಿಯಲ್ಲಿಟ್ಟು ತಗಡಿನ ಶೀಟಿಗೆ ಅಂಟಿಸಬೇಡಿ, ಜಿಎಲ್5528 ತಾಳುವುದು 70 ಡಿಗ್ರಿಯವರೆಗೆ, ಬಿಸಿಲಿಗೆ ಕಾದ ತಗಡು ಅದರ ಹತ್ತಿರ ಹೋಗುತ್ತದೆ. ಬಿಳಿ ಡಬ್ಬಿ, ಗೋಡೆಯಿಂದ ಎರಡು ಬೆರಳು ದೂರ.

ದೀಪ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಮುಂಚೆಯೇ ಹತ್ತತೊಡಗಿದರೆ ಸರ್ಕ್ಯೂಟ್ ಬಿಚ್ಚಬೇಡಿ. ಸಂಡೂರು ರಸ್ತೆಯ ಕೆಂಧೂಳಿನಂಥದ್ದು ಡಬ್ಬಿಯ ಕಿಟಕಿಯ ಮೇಲೆ ಕೂತು ಬೆಳಕು ತಡೆಯುತ್ತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಮತ್ತೊಮ್ಮೆ ಅಳೆದು ನೋಡಿ.